ಗುಳಿಗೆ ಹಂಚುವ ನೆಗೆಣ್ಣಿ

ದವಾಖಾನೆಯಲ್ಲಿ ಕೊಟ್ಟ ಗುಳಿಗೆಯನ್ನು ಪ್ರಸಾದದ ಹಾಗೆ ಓಣಿಗೆಲ್ಲ ಹಂಚಿ ಬರುವವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ಇಲ್ಲವೇ? ಹಾಗಾದರೆ ಜತ್ತ ತಾಲೂಕಿನ ನಮ್ಮ ಉಟಗಿಗೆ ಬನ್ನಿ. ನನ್ನ ಭಾವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಬಾಗಿಲಲ್ಲೇ ಸಿಗುತ್ತಾಳೆ. ನಿಮಗೆ ಎದೆ ಉರಿ ಇಲ್ಲದಿದ್ದರೂ ಅಡ್ಡಿಯಿಲ್ಲ, ಒಂದು ಗುಳಿಗೆ ಗ್ಯಾರಂಟಿ!

ನಾನು ಅವಳನ್ನು ಅಕ್ಕಾ ಅನ್ನುತ್ತೇನೆ. ಅಕ್ಕನಿಗೆ ಒಬ್ಬಳೇ ಕೂತು ತಿಂದು ಗೊತ್ತೇ ಇಲ್ಲ. ಒಂದು ಪೇರಲ ಹಣ್ಣು ಸಿಕ್ಕರೂ ಅದನ್ನು ಹೋಳು ಮಾಡಿ, ತಿನ್ನುವವರನ್ನು ಹುಡುಕಿಕೊಂಡು ಹೊರಡುತ್ತಾಳೆ.

ಇಂಥ ಅಕ್ಕನಿಗೆ ಎದೆ ಉರಿ ಶುರುವಾಯಿತು. "ಪಿತ್ತ ಆಗ್ಯಾದ" ಎಂದು ತಾನೇ ತೀರ್ಪು ಕೊಟ್ಟು ತಣ್ಣನೆ ಹಾಲು, ಜೀರಿಗೆ, ನೊರೆ ಉಕ್ಕುವ ಪುಡಿ ಎಲ್ಲ ನುಂಗಿದಳು. ಜೊತೆಗೆ ಮೊಣಕಾಲು ನೋವಿಗೆ ಅಂಗಡಿಯಿಂದ ತಂದ ಗುಳಿಗೆ, ಅದೂ ಬರಿಹೊಟ್ಟೆಯ ಚಹಾದ ಜೊತೆ! ಸೋಮವಾರ ಉಪವಾಸ. ಉಪವಾಸವೆಂದರೆ ಏನೆಂದುಕೊಂಡಿರಿ? ಹಸಿಮೆಣಸಿನಕಾಯಿ ಸುರಿದ ಸಾಬೂದಾಣಿ ಖಿಚಡಿ, ಮೇಲೆ ಶೇಂಗಾ, ಅದರ ಮೇಲೆ ಮತ್ತೆ ಚಹಾ. (ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಆ ಖಿಚಡಿಯ ವರ್ಣನೆ ಇನ್ನೂ ಉದ್ದ ಆಗುತ್ತಿತ್ತು.) ಶಿವ ಒಲಿದನೋ ಇಲ್ಲವೋ, ಅವನ ಮೂರನೆಯ ಕಣ್ಣು ಮಾತ್ರ ಸಂಜೆಗೆ ಅಕ್ಕನ ಎದೆಯೊಳಗೇ ತೆರೆಯುತ್ತಿತ್ತು!

ನಾವೆಲ್ಲ ನಗುತ್ತಲೇ ಇದ್ದೆವು, ಅವಳ ಕುಪ್ಪಸ ಸಡಿಲಾಗುವ ತನಕ.

"ಮೈ ಇಳದದ ಅಕ್ಕಾ."

"ದರ್ಜಿ ಅರಬಿ ಹೆಚ್ಚ ಹಾಕ್ಯಾನ."

ಕೈಬಳೆ ಮೊಣಕೈ ತನಕ ಜಾರುತ್ತಿತ್ತು. ಬಳೆಗಾರನೂ ಹೆಚ್ಚು ಹಾಕಿದನೇ? ನನ್ನ ಜೀವ ಹಾರಿತು. ಅವಳನ್ನು ಜೀಪಿಗೆ ಹತ್ತಿಸಿ ಸರ್ಕಾರಿ ದವಾಖಾನೆಗೆ ಎಳೆದುಕೊಂಡು ಹೋದೆ. ಅಲ್ಲಿ ಇನ್ನೂ ಚಿಕ್ಕ ವಯಸ್ಸಿನ ಡಾಕ್ಟರಬಾಯಿ.

"ಅಜ್ಜಿ, ಉಂಡದ್ದು ಗಂಟಲದಾಗ ಸಿಗತದೇನ್ರಿ?"

"ಇಲ್ರಿ, ಚಲೋ ಇಳೀತದ. ಇಳದ ಮ್ಯಾಲ ನನ್ನ ಮಾತಾಡಸಾಕ ಹೊಳ್ಳಿ ಮ್ಯಾಲ ಬರತದ!"

"ಸಂಡಾಸ ಕರ್ರಗ ಆಗತದೇನ್ರಿ?"

"ಯವ್ವಾ! ಅದನ್ನೆಲ್ಲಾ ಬಗ್ಗಿ ನೋಡತಾರೇನ್ರಿ?"

"ನಾಳಿಂದ ನೋಡ್ರಿ. ಕರ್ರಗ ಕಂಡ್ರ ಒಳಗ ರಕ್ತಾ ಹೊಂಟದ ಅಂತ, ಲಗೂನ ಬರ್ರಿ."

ಮೊಣಕಾಲಿನ ಗುಳಿಗೆ ಬಂದ್ ಆಯಿತು. ವಯಸ್ಸಾಗಿದೆ, ಮೈ ಬೇರೆ ಇಳಿದಿದೆ, ಮಿರಜಿಗೆ ಹೋಗಿ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿಸಲೇಬೇಕು ಎಂದು ಡಾಕ್ಟರಬಾಯಿ ಹೇಳಿದಳು. ನನಗೆ ಅನ್ನ ಸೇರಲಿಲ್ಲ. ಅಕ್ಕ? ಇಳಕಲ್ ಸೀರೆ ಉಟ್ಟು, ಹೂ ಮುಡಿದು ನಿಂತಿದ್ದಳು!

"ಫೋಟೋ ತಗಿಯೂದು ಹೊಟ್ಟೀದವ್ವಾ, ಸೀರಿ ಯಾಕ?"

"ಹೊಟ್ಟೀದಾದ್ರೂ ಫೋಟೋ ಫೋಟೋನ!"

ಹುಣ್ಣು ಕಂಡಿತು. ಚೂರು ತೆಗೆದು ಪರೀಕ್ಷೆ ಮಾಡಿದರು. ನಾನು ಹೆದರಿದ್ದ ದೊಡ್ಡ ರೋಗವಲ್ಲ, ಹೊಟ್ಟೆಯ ಗೋಡೆಯಲ್ಲಿ ಮನೆ ಮಾಡಿಕೊಂಡ ಒಂದು ಕ್ರಿಮಿ. ಆಮ್ಲ ಇಳಿಸುವ ಗುಳಿಗೆ ಊಟಕ್ಕೆ ಮೊದಲು, ಕ್ರಿಮಿ ಕೊಲ್ಲುವವು ಊಟದ ಮೇಲೆ, ಎರಡು ವಾರ ಒಂದೂ ತಪ್ಪಿಸಬಾರದು ಎಂದು ಕಟ್ಟಪ್ಪಣೆ.

ಕೆಲವು ದಿನಕ್ಕೆ ಮಗ್ಗುಲ ಮನೆಯವಳು ಬಂದಳು. "ಅಕ್ಕಾರ ಗುಳಗಿ ಭಾಳ ಚಲೋ ಅದಾವ್ರಿ. ಕೆಂಪಂದು ಇನ್ನೊಂದ ಕೊಡ್ರಿ!" ಅಕ್ಕ ಸಿಕ್ಕಿಬಿದ್ದಳು ನೋಡಿ! ಹಿಟ್ಟಿನ ಗಿರಣಿಯವನಿಗೆ ಒಂದು, ಕುರಿ ಕಾಯುವ ಮುದುಕನಿಗೆ ಎರಡು, ಎದೆ ಹಿಡಿದುಕೊಂಡವರಿಗೆಲ್ಲ ಒಂದೊಂದು. ಕ್ರಿಮಿ ಒಬ್ಬಳದು, ಔಷಧ ಊರಿನದು!

ಉರಿ ಮರಳಿ ಬಂತು. ವಿಷಯ ಕೇಳಿ ಡಾಕ್ಟರಬಾಯಿ ಹಣೆ ಹಿಡಿದುಕೊಂಡಳು.

"ಅಜ್ಜಿ, ಅರ್ಧಾ ಹೊಡತಾ ತಿಂದ ಕ್ರಿಮಿ ಜಿದ್ದಿಗೆ ಬೀಳತದ. ಬ್ಯಾರೆ ಗುಳಗಿ ಕೊಡತೀನಿ. ಈ ಸಲಾನೂ ಹಂಚಿದ್ರ ಹುಣ್ಣಿಂದ ರಕ್ತಾ ಬರಬಹುದು. ಆಮ್ಯಾಲ ನನ್ನ ಕೈಯಾಗ ಇರಂಗಿಲ್ಲ."

ಜೀಪಿನಲ್ಲಿ ಗುಳಿಗೆಯ ಪೊಟ್ಟಣ ನಾನೇ ಇಟ್ಟುಕೊಂಡೆ. ಅಕ್ಕ ಮೆಲ್ಲಗೆ ಅಂದಳು, "ಅವರ ಎದಿ ಉರಿಯೂಮುಂದ ನಾ ಒಬ್ಬಾಕಿನ ಹ್ಯಾಂಗ ನುಂಗಲಿ?"

"ಒಬ್ಬಾಕಿ ಬ್ಯಾಡ. ನಾನೂ ಕುಂದ್ರತೀನಿ."

ಅಂದಿನಿಂದ ಅವಳು ಗುಳಿಗೆ ನುಂಗಿದಾಗಲೆಲ್ಲ ನಾನು ಎದುರು ಕೂತು ಹುರಿದ ಶೇಂಗಾ ನುಂಗಿದೆ. ಬಾಯಿ ತೆಗೆಸಿ ನೋಡುತ್ತಿದ್ದೆ. ಅವಳು ಬೇಕಾದ್ದಕ್ಕಿಂತ ಉದ್ದ ನಾಲಗೆ ಚಾಚುತ್ತಿದ್ದಳು. ಗುಳಿಗೆ ಅವಳಿಗೆ ತಾಗಿತು, ಶೇಂಗಾ ನನಗೆ. ನನ್ನ ಕುಪ್ಪಸ ಬಿಗಿಯಾಯಿತು!

ಗುಳಿಗೆ ಮುಗಿದು ತಿಂಗಳು ದಾಟಿದ ಮೇಲೆ ಮತ್ತೆ ಪರೀಕ್ಷೆ. ಕ್ರಿಮಿ ಹೋಗಿತ್ತು! ದವಾಖಾನೆಯಲ್ಲೇ ನಾನು ಗರಗರ ತಿರುಗಿ ಫುಗಡಿ ಆಡುವುದೊಂದು ಬಾಕಿ.

ಮನೆಗೆ ಬಂದು, ಎಲ್ಲರಿಗೂ ಬಡಿಸಿ, ನಾವಿಬ್ಬರೂ ಯಾವಾಗಿನಂತೆ ಒಂದೇ ತಾಟಿನ ಆಚೆ ಈಚೆ ಕೂತೆವು. ಸಪ್ಪನೆ ಬೇಳೆ, ಮೆತ್ತನೆ ಅನ್ನ. ಅವಳು ಎದೆ ಹಿಡಿದುಕೊಳ್ಳದೆ ಉಣ್ಣುವುದನ್ನು ಕಂಡು ನನಗೆ ಒಮ್ಮೆಲೇ ಸಿಟ್ಟು ಬಂತು.

"ಅಷ್ಟ ದಿವಸ ಉರಿ ನುಂಗಿಕೊಂಡ ಯಾಕ ಕುಂತಿದ್ದಿ? ಖಾರ ಆಗಂಗಿಲ್ಲ ಅಂತ ಒಂದ ಮಾತ ಅಂದಿದ್ರ ನಿನಗ ಬ್ಯಾರೆ ಅಡಗಿ ಮಾಡತಿದ್ದಿಲ್ಲೇನ ನಾ?"

ಅಕ್ಕ ತುತ್ತು ಕಲಸುತ್ತ, ತಲೆ ಎತ್ತದೆ ಅಂದಳು:

"ಮಾಡತಿದ್ದಿ. ಅದಕ್ಕ ಹೇಳಲಿಲ್ಲ. ಬ್ಯಾರೆ ಅಡಗಿ ಮಾಡಿದ್ರ ಬ್ಯಾರೆ ತಾಟ ಇಡತಿದ್ದಿ. ನೀ ಈ ಮನಿಗೆ ಬಂದಾಗಿಂದ ನಾ ಒಂದ ದಿನಾ ಬ್ಯಾರೆ ತಾಟಿನಾಗ ಉಂಡೀನೇನ, ಹುಚ್ಚಿ?"