ಕೆಂಪು ರೊಟ್ಟಿಯ ಚಿಗವ್ವ

ನಮ್ಮ ಚಿಗವ್ವನ ಮನೆಗೆ ಬಿಳಿ ಅಂಗಿ ತೊಟ್ಟು ಹೋಗಿ ಬಿಳಿ ಅಂಗಿಯಲ್ಲೇ ಹೊರಗೆ ಬಂದವರು ಆಳಂದ ತಾಲೂಕಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನನ್ನನ್ನು ಕಾಣಬೇಕು. ಅವರಿಗೊಂದು ಶಾಲು ಹೊದಿಸಿ ಸನ್ಮಾನ ಮಾಡಬೇಕೆಂದಿದ್ದೇನೆ! ಹತ್ತು ವರ್ಷದಿಂದ ಹುಡುಕುತ್ತಿದ್ದೇನೆ, ಒಬ್ಬರೂ ಸಿಕ್ಕಿಲ್ಲ. ಆ ಮನೆಯಲ್ಲಿ ಪಲ್ಯ ಕೆಂಪು, ಸಾರು ಕೆಂಪು, ಮಜ್ಜಿಗೆ ಕೆಂಪು, ಒಲೆಕಟ್ಟೆ ಕೆಂಪು, ಬೆಕ್ಕಿನ ಮೀಸೆಯೂ ಕೆಂಪು. ಇಷ್ಟಕ್ಕೆಲ್ಲ ಕಾರಣ ಬೀಟ್‌ರೂಟ್ ಎಂಬ ಒಂದು ಗಡ್ಡೆ.

ಚಿಗವ್ವ ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಕಾಕಾ ಬೇಗ ತೀರಿಕೊಂಡ. ಸ್ವಂತ ಮಕ್ಕಳಿಲ್ಲ. ನಮ್ಮವ್ವ ಹೊಲ, ದನ, ಮನೆ ಎಂದು ಓಡಾಡುವಾಗ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಬೆಳೆಸಿದವಳು ಈಕೆಯೇ. ಆದ್ದರಿಂದ ಈಕೆಯ ಬಗ್ಗೆ ನಾಲ್ಕು ಜನರ ಮುಂದೆ ನಗುವ ಹಕ್ಕು ಪೂರ್ತಿ ನನ್ನದು. ಬೇರೆಯವರು ನಕ್ಕರೆ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಇದು ಶುರುವಾದದ್ದು ನಮ್ಮ ಓಣಿಗೆ ಬಂದ ಆಶಾ ಕಾರ್ಯಕರ್ತೆಯಿಂದ. ಆಕೆ ಪಾಪ, ಹೆಣ್ಣುಮಕ್ಕಳನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿಕೊಂಡು, "ನಮ್ ಕಡಿ ಹೆಣ್ಮಕ್ಕಳಿಗೆ ರಕ್ತ ಕಮ್ಮಿ ಇರ್ತದ್ರಿ. ಕಣ್ಣಿನ ಕೆಳಗಿನ ರೆಪ್ಪಿ ಎಳದ್ ನೋಡ್ರಿ, ಒಳಗ ಬೆಳ್ಳಗಿದ್ರ ದವಾಖಾನಿಗೆ ಬರ್ರಿ, ಗುಳಿಗಿ ಕೊಡ್ತಾರ. ತಪ್ಪಲುಪಲ್ಯ, ಕಾಳು, ಬೀಟ್‌ರೂಟ್ ತಿನ್ರಿ" ಎಂದು ಹೇಳಿ ಹೋದಳು. ಉಳಿದವರು ಅದನ್ನು ಅಲ್ಲೇ ಕಟ್ಟೆಯ ಮೇಲೆ ಬಿಟ್ಟು ಎದ್ದರು. ಚಿಗವ್ವ ಮಾತ್ರ ಎರಡು ಸಂಗತಿಗಳನ್ನು ಗಟ್ಟಿಯಾಗಿ ಗಂಟು ಕಟ್ಟಿಕೊಂಡು ಮನೆಗೆ ಬಂದಳು. ಒಂದು ರೆಪ್ಪೆ, ಇನ್ನೊಂದು ಬೀಟ್‌ರೂಟ್. ದವಾಖಾನೆ, ಗುಳಿಗೆ ಎಂಬ ಮಾತು ಆಕೆಯ ಕಿವಿಗೆ ಬಿದ್ದಂತೆ ಕಾಣಲಿಲ್ಲ!

ಅಂದಿನಿಂದ ನಮ್ಮ ಚಿಗವ್ವ ಯಾರಿಗೂ "ಶರಣ್ರೀ" ಎನ್ನಲಿಲ್ಲ. ಎದುರಿಗೆ ಬಂದವರ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ಒಳಗೆ ಇಣುಕತೊಡಗಿದಳು. ಪತ್ರ ಕೊಡಲು ಬಂದ ಪೋಸ್ಟ್‌ಮ್ಯಾನ್, ಹಾಲು ಹಾಕುವವನು, ಭಿಕ್ಷೆಗೆ ಬಂದ ಜಂಗಮಯ್ಯ, ಕರೆಂಟು ಬಿಲ್ಲಿನವನು, ಯಾರನ್ನೂ ಬಿಡಲಿಲ್ಲ. ನಾವು ಖಾಲಾ ಎಂದು ಕರೆಯುವ ಎದುರುಮನೆಯ ಮುಸ್ಲಿಂ ಹೆಂಗಸೊಬ್ಬಳೇ ಜಾಣೆ. ಚಿಗವ್ವ ಹೊಸ್ತಿಲು ದಾಟುವುದೇ ತಡ, ತಾನೇ ರೆಪ್ಪೆ ಎಳೆದುಕೊಂಡು ನಿಲ್ಲುತ್ತಿದ್ದಳು. "ನೋಡು ಬೇ, ಲಾಲ್ ಅದ, ಪೂರಾ ಲಾಲ್! ಇವತ್ತೊಂದಿನ ಚುಕಂದರ್ ಮಾಫ್ ಮಾಡು!" ಎಂದು ಬೀಟ್‌ರೂಟಿಗೆ ಅಂಜಿ ಅಂಗಲಾಚುತ್ತಿದ್ದಳು.

ಮಾಫಿ ಎಲ್ಲಿಯದು? ಚಿಗವ್ವನ ಭಾಷಣ ಶುರುವಾಗುತ್ತಿತ್ತು.

"ಇದು ರಕ್ತಕ್ಕ ಛಲೋ, ಬೀಪಿಗೆ ಛಲೋ, ಹೊಟ್ಟಿ ಸಾಫ್ ಆಗ್ತದ, ದಮ್ಮು ಹತ್ತಂಗಿಲ್ಲ, ಬಸುರಿಗಂತೂ ಅಮೃತ!"

ನಾನು ಕೆಲಸ ಮಾಡುತ್ತಿದ್ದ ಶಾಲೆಯ ವಿಜ್ಞಾನದ ಮಾಸ್ತರರನ್ನು ಕೇಳಿದೆ. "ಸುಳ್ಳಲ್ರಿ. ನಾರು ಅದ, ಫೋಲೇಟ್ ಅದ, ಬೀಪಿಗೂ ಸ್ವಲ್ಪ ಅನುಕೂಲ ಆಗ್ತದ. ಕಬ್ಬಿಣ ಮಾತ್ರ ಗಡ್ಡಿನಾಗ ಕಮ್ಮಿ, ತಪ್ಪಲದಾಗ ಜಾಸ್ತಿ" ಎಂದರು. ಕಬ್ಬಿಣ ಕಮ್ಮಿ ಎಂದು ಚಿಗವ್ವನ ಮುಂದೆ ಹೇಳುವ ಗಂಡಸು ನಮ್ಮ ಮನೆತನದಲ್ಲಿ ಇನ್ನೂ ಹುಟ್ಟಿಲ್ಲ. ನಾನು ತಪ್ಪಲಿನ, ಅಂದರೆ ಅದರ ಸೊಪ್ಪಿನ ವಿಷಯವನ್ನಷ್ಟೇ ಹೇಳಿದೆ. ಅದೇ ತಪ್ಪಾಯಿತು! ಮರುದಿನದಿಂದ ತಪ್ಪಲಿನ ಪಲ್ಯವೂ ಸೇರಿ ತಾಟು ಎರಡರಷ್ಟಾಯಿತು.

ಇದೆಲ್ಲ ಸಹಿಸಬಹುದಿತ್ತು. ಆದರೆ ರೊಟ್ಟಿ? ನಮ್ಮ ಕಡೆ ಜೋಳದ ರೊಟ್ಟಿಯ ಬಿಳುಪೆಂದರೆ ಮನೆತನದ ಮರ್ಯಾದೆ. ಬೀಗರು ಬಂದರೆ ಮೊದಲು ನೋಡುವುದೇ ರೊಟ್ಟಿ ಎಷ್ಟು ಬೆಳ್ಳಗಿದೆ, ಎಷ್ಟು ತೆಳ್ಳಗಿದೆ ಎಂದು. ಅಂಥ ಹಾಲಿನಂಥ ಬಿಳಿಜೋಳದ ಹಿಟ್ಟಿಗೆ ಈಕೆ ಬೀಟ್‌ರೂಟ್ ಕುದಿಸಿದ ನೀರು ಸುರಿದು ನಾದಿ, ದಾಸವಾಳದ ಬಣ್ಣದ ರೊಟ್ಟಿ ಬಡಿಯತೊಡಗಿದಳು. ನಮ್ಮವ್ವ ಮೊದಲ ಸಲ ಅದನ್ನು ಕಂಡಾಗ ತಲೆಯ ಮೇಲೆ ಸೆರಗು ಎಳೆದುಕೊಂಡು, "ಯವ್ವಾ, ಇದನ್ನ ಯಾರಿಗೂ ತೋರಿಸಬ್ಯಾಡ" ಎಂದು ಕದ ಹಾಕಿದಳು.

ಹೀಗಿರುವಾಗ ನನ್ನ ಲಗ್ನದ ಮಾತು ಬಂತು. ನಾನಾಗ ಅಫಜಲಪುರ ತಾಲೂಕಿನ ಒಂದು ಶಾಲೆಯಲ್ಲಿ ಮಾಸ್ತರ. ಹುಡುಗಿ ಜೇವರ್ಗಿಯವಳು. ನೋಡಲು ಹೋದೆವು. ಹುಡುಗಿ ಚಹಾ ತಂದಳು. ಹಿರಿಯರು ಓದು ಎಷ್ಟು, ಅಡುಗೆ ಬರುತ್ತದೆಯೇ ಎಂದು ಕೇಳುತ್ತಿದ್ದರು. ಚಿಗವ್ವ ಏನೂ ಕೇಳಲಿಲ್ಲ. ಸೀದಾ ಎದ್ದು ಹೋಗಿ ಹುಡುಗಿಯ ಕಣ್ಣಿನ ರೆಪ್ಪೆ ಎಳೆದಳು! ಗಲ್ಲ ಹಿಡಿದು ಬಾಯಿ ತೆರೆಸಿ ಹಲ್ಲನ್ನೂ ಎಣಿಸುತ್ತಾಳೋ ಏನೋ ಎಂದು ನಾನು ನೆಲ ನೋಡತೊಡಗಿದೆ.

"ಹುಡುಗಿ ಬಂಗಾರದಂಗ ಅದಾಳ. ರಕ್ತ ಕಮ್ಮಿ ಅದ" ಎಂದು ಚಿಗವ್ವ ತೀರ್ಪು ಕೊಟ್ಟಳು. "ಲಗ್ನ ಆಗ್ಲಿ. ಆಕಿ ಹಡಿಯೂದ್ರಾಗ ಮೈತುಂಬ ರಕ್ತ ಮಾಡೂ ಜಿಮ್ಮೇದಾರಿ ನಂದು!"

ಹುಡುಗಿ ಸಿಟ್ಟಾಗಬೇಕಿತ್ತು. ಕಿಸಕ್ಕನೆ ನಕ್ಕಳು. ಆ ನಗೆಗೆ ನಾನು ಮರುಳಾದೆ, ಸಂಬಂಧ ಕುದುರಿತು.

ಕುದುರಿದ್ದು ಹದಿನೈದು ದಿನದಲ್ಲಿ ಮುರಿಯುವ ಹಂತಕ್ಕೂ ಬಂತು. ಹುಡುಗಿಯ ಕಡೆಯ ಐದು ಮಂದಿ ಗಂಡಸರು, ಮಾವನವರೇ ಮುಂದಾಗಿ, ನಮ್ಮ ಮನೆ ನೋಡಲು ಆಳಂದಕ್ಕೆ ಬಂದರು. ಅವ್ವ ಎರಡು ದಿನ ಕಾದಾಡಿ, ಅಡುಗೆಗೆ ನಿಂತ ಚಿಗವ್ವನಿಂದ ಮಾತು ತೆಗೆದುಕೊಂಡಿದ್ದಳು, ರೊಟ್ಟಿ ಮಾತ್ರ ಬಿಳಿಯದೇ ಇರಬೇಕು ಎಂದು. ಚಿಗವ್ವ ಮಾತು ತಪ್ಪಲಿಲ್ಲ. ರೊಟ್ಟಿ ಬಿಳಿಯದೇ ಇತ್ತು. ಉಳಿದದ್ದೆಲ್ಲ ಬೀಟ್‌ರೂಟ್! ಪಲ್ಯ, ಪಚಡಿ, ಸಾರು, ಕೊನೆಗೆ ತುಪ್ಪ ಸುರಿದ ಹಲ್ವಾ. ಬೀಗರೆಂಬ ಮುಲಾಜಿಗೆ ಐವರೂ ಹೊಟ್ಟೆ ಬಿರಿಯ ಉಂಡು ಜೇವರ್ಗಿಗೆ ಮರಳಿದರು.

ಮರುದಿನ ಬೆಳಗ್ಗೆ ಐದು ಮನೆಗಳ ಬಚ್ಚಲಲ್ಲಿ ಐದು ಗಂಡಸರು ಬೆವೆತು ನಿಂತರು. ಬೀಟ್‌ರೂಟ್ ಜಾಸ್ತಿ ತಿಂದರೆ ಕೆಲವರಿಗೆ ಮೂತ್ರ ಕೆಂಪಾಗುತ್ತದೆ, ಅದರಿಂದ ಏನೂ ಆಗುವುದಿಲ್ಲ ಎಂದು ಅವರಿಗೆ ಹೇಳಿದವರು ಯಾರು? ಇದು ಹೆಂಡತಿಗೆ ಹೇಳುವ ಮಾತೇ? ತಮ್ಮನಿಗೆ ಹೇಳುವ ಮಾತೇ? ಒಬ್ಬೊಬ್ಬರೂ ತಮ್ಮ ಆಯಸ್ಸು ಮುಗಿಯಿತೆಂದು ಒಳಗೊಳಗೇ ಅತ್ತು, ಟವೆಲ್ಲು ಹೊದ್ದುಕೊಂಡು, ಬೇರೆ ಬೇರೆ ಓಣಿಗಳಿಂದ ಹೊರಟು ಎಲ್ಲರೂ ಅದೇ ಒಬ್ಬ ಡಾಕ್ಟರ ಹತ್ತಿರ ಬಂದರು! ಒಂದೇ ಬೆಂಚಿನ ಮೇಲೆ ಸಾಲಾಗಿ ಕೂತರು.

"ನೀ ಯಾಕ್ ಬಂದೀಯೋ?" ಎಂದು ಮಾವನವರು ತಮ್ಮನನ್ನು ಕೇಳಿದರು.

"ನೆಗಡಿ ಆಗ್ಯಾದಣ್ಣಾ. ನೀ?"

"ನಂದೂ ನೆಗಡಿನೇ."

ಒಳಗೆ ಹೋದವರಿಗೆಲ್ಲ ಡಾಕ್ಟರು ಕೇಳಿದ್ದು ಒಂದೇ ಮಾತು, "ನಿನ್ನೆ ಏನ್ ಉಂಡ್ರಿ?" ಐದನೆಯವನ ಹೊತ್ತಿಗೆ ಡಾಕ್ಟರಿಗೆ ತಡೆಯಲಾಗಲಿಲ್ಲ. ಹೊರಗೆ ಬಂದು, "ಐದೂ ಮಂದಿ ಮನಿಗೆ ಹೋಗ್ರಿ, ನೀರು ಕುಡೀರಿ, ಬೀಗರಿಗೆ ನನ್ನ ನಮಸ್ಕಾರ ಹೇಳ್ರಿ" ಎಂದರಂತೆ. ಬದುಕಿ ಉಳಿದ ಸಂತೋಷದಲ್ಲಿ ಮಾವನವರು ಆ ವಾರವೇ ಲಗ್ನದ ತಾರೀಖು ಗೊತ್ತುಮಾಡಿದರು!

ಲಗ್ನವಾಗಿ ವರ್ಷದ ಮೇಲೆ ನನ್ನ ಹೆಂಡತಿ ಬಸುರಾದಳು. ಐದನೇ ತಿಂಗಳಲ್ಲಿ ರಕ್ತಪರೀಕ್ಷೆ ಮಾಡಿದ ಡಾಕ್ಟರಮ್ಮನ ಮುಖ ಸಣ್ಣಗಾಯಿತು. "ರಕ್ತ ಭಾಳ ಕಮ್ಮಿ ಅದ. ಹಿಂಗೇ ಇದ್ರ ಹೆರಿಗಿ ಟೈಮಿಗೆ ತಾಯಿ ಜೀವಕ್ಕ ತ್ರಾಸ ಆಗ್ತದ" ಎಂದರು. ಅದುವರೆಗೆ ನನಗೆ ಇದೆಲ್ಲ ನಗೆಯ ಮಾತಾಗಿತ್ತು.

ಚಿಗವ್ವನಿಗೆ ಫೋನು ಮಾಡಿದೆ. ಆಕೆ ಪೂರ್ತಿ ಕೇಳುವ ಮೊದಲೇ ಫೋನು ಇಟ್ಟಳು.

ಚೊಚ್ಚಲ ಹೆರಿಗೆ ತವರಿನದು. ಹೆಂಡತಿಯನ್ನು ಜೇವರ್ಗಿಗೆ ಕಳಿಸಿಕೊಟ್ಟೆ. ಮೂರನೆಯ ದಿನ ಮಾವನವರು ಬಾಗಿಲು ತೆರೆದು ನೋಡಿದರೆ ಕಟ್ಟೆಯ ಮೇಲೆ ನಮ್ಮ ಚಿಗವ್ವ, ಪಕ್ಕದಲ್ಲಿ ಒಂದು ಚೀಲ ಬೀಟ್‌ರೂಟ್! ಗಂಡಿನ ಕಡೆಯವರು ಬೀಗರ ಮನೆಯಲ್ಲಿ ಒಂದು ಹೊತ್ತು ಉಂಡು ಎದ್ದರೆ ಚೆಂದ. ಹೆರಿಗೆಯ ತನಕ ಠಿಕಾಣಿ ಹೂಡಿದರೆ? ಜನ ಏನೆಂದಾರು?

"ಬೀಗ್ತೇರ, ನಮ್ ಮಗಳನ್ನ ನಾವು ನೋಡ್ಕೋತೇವಲ್ರಿ" ಎಂದು ಮಾವನವರು ನಾಜೂಕಾಗಿ ಹೇಳಿ ನೋಡಿದರು.

"ನೋಡ್ಕೋರಿ, ಬ್ಯಾಡಂದವ್ರ ಯಾರು? ನಾ ಬರೀ ಒಲಿ ಮುಂದ ಕೂಡ್ತೇನಿ" ಎಂದ ಚಿಗವ್ವ ಚೀಲ ಎಳೆದುಕೊಂಡು ಒಳಗೆ ನಡೆದಳು.

ನಾನು ಪ್ರತಿ ಶನಿವಾರ ಅಫಜಲಪುರದಿಂದ ಹೋಗಿ ನೋಡುತ್ತಿದ್ದೆ. ಮೊದಲ ವಾರ ಮನೆ ಯುದ್ಧಭೂಮಿಯಾಗಿತ್ತು. ಡಾಕ್ಟರಮ್ಮ ಕೊಟ್ಟ ಗುಳಿಗೆಗಳನ್ನು ಚಿಗವ್ವ ಗೂಡಿನಲ್ಲಿ ಎತ್ತಿಟ್ಟಿದ್ದಳು. ನಾನು ಆಕೆಯನ್ನೇ ಡಾಕ್ಟರಮ್ಮನ ಎದುರು ಕೂರಿಸಿದೆ.

"ಅವ್ವಾ, ನಿಮ್ಮ ಬೀಟ್‌ರೂಟ್ ಛಲೋ ಅದ, ಬ್ಯಾಡ ಅನ್ನಂಗಿಲ್ಲ. ಆದ್ರ ಅದೊಂದೇ ಸಾಲಂಗಿಲ್ಲ. ಗುಳಿಗಿ ಬೇಕೇ ಬೇಕು. ಮ್ಯಾಲ ಲಿಂಬಿಹಣ್ಣು ಹಿಂಡಿ ಕೊಡ್ರಿ. ಉಂಡ ಕೂಡಲೆ ಚಹಾ ಕೊಡಬ್ಯಾಡ್ರಿ, ಕಬ್ಬಿಣ ಮೈಗೆ ಹತ್ತಂಗಿಲ್ಲ" ಎಂದರು ಡಾಕ್ಟರಮ್ಮ.

ಚಿಗವ್ವ ಗುಳಿಗೆಯ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. "ಹುಡುಗಿ ಉಳೀತಾಳಂದ್ರ ಗುಳಿಗೀನೂ ನುಂಗಸ್ತೇನಿ" ಎಂದಳು. ಅಂದೇ ಮನೆಯಲ್ಲಿ ಊಟದ ನಂತರದ ಚಹಾ ಬಂದ್! ಹೆಂಡತಿಗಷ್ಟೇ ಅಲ್ಲ, ಎಲ್ಲರಿಗೂ. ಐವತ್ತು ವರ್ಷ ಉಂಡು ಕೈ ತೊಳೆಯುತ್ತಲೇ ಚಹಾ ಕುಡಿದ ಮಾವನವರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕದ್ದು ಕುಡಿಯುವಂತಾಯಿತು. ಚಿಗವ್ವ ದಿನಾ ಬಡಿಸಿದಳು, ಗುಳಿಗೆ ಕೊಟ್ಟಳು, ನುಂಗಿದ್ದು ಹೌದೋ ಅಲ್ಲವೋ ಎಂದು ಬಾಯಿ ತೆರೆಸಿ ನೋಡಿದಳು. ರಕ್ತ ಏರಿತು. ಒಂದು ತಿಂಗಳಿಗೆ ಸ್ವಲ್ಪ, ಎರಡು ತಿಂಗಳಿಗೆ ಇನ್ನಷ್ಟು. ಪ್ರತಿ ಸಲ ಪರೀಕ್ಷೆಯ ಚೀಟಿ ಹಿಡಿದು ಚಿಗವ್ವ ಇಡೀ ಓಣಿಗೆ ಹಲ್ವಾ ಹಂಚಿದಳು. ಓಣಿಯವರಿಗೆ ಮರುದಿನ ಬೆಳಗ್ಗೆ ಹೆದರಬೇಡಿರೆಂದು ತಿಳಿಸುತ್ತ ಹಿಂದೆ ಹೋಗುವ ಕೆಲಸ ಮಾವನವರದು!

ಆದರೂ ಡಾಕ್ಟರಮ್ಮ, "ಹೆರಿಗಿ ಕಲಬುರಗಿ ದೊಡ್ಡ ದವಾಖಾನಿನಾಗ ಆಗ್ಲಿ. ರಕ್ತ ಕೊಡವ್ರು ಸಂಗಡ ಇರ್ರಿ" ಎಂದಿದ್ದರು. ದಿನ ತುಂಬಿದ ಮೇಲೆ ಅಲ್ಲಿಗೇ ಹೋದೆವು. ಹೆಂಡತಿಯನ್ನು ಒಳಗೆ ಕರೆದೊಯ್ದರು. ನಾನು ರಕ್ತ ಕೊಡಲು ಎದ್ದೆ. ಚಿಗವ್ವ ನನಗಿಂತ ಮೊದಲೇ ತೋಳು ಚಾಚಿ ನಿಂತಿದ್ದಳು. "ನಂದ್ ತಗೋರಿ, ಎಷ್ಟ್ ಬೇಕಷ್ಟ್ ತಗೋರಿ!"

ಅಲ್ಲಿನ ಸಿಸ್ಟರ್ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಲೋಟದ ನೀಲಿ ನೀರಿಗೆ ಬಿಡುತ್ತಿದ್ದಳು. ರಕ್ತ ಗಟ್ಟಿಯಿದ್ದರೆ ಹನಿ ಮುಳುಗಬೇಕು. ನನ್ನದು ಮುಳುಗಿತು. ಚಿಗವ್ವನದು ತೇಲಿತು.

"ಇನ್ನೊಮ್ಮಿ ಹಾಕ ಬೇ, ಗಾಳಿ ಹತ್ತಿರಬೇಕು" ಎಂದಳು ಚಿಗವ್ವ.

ಇನ್ನೊಮ್ಮೆ ಹಾಕಿದರು. ಮತ್ತೆ ತೇಲಿತು. "ಅವ್ವಾ, ನಿಮ್ದು ತಗೊಳ್ಳಾಕ ಬರಂಗಿಲ್ಲ. ನಿಮಗೇ ರಕ್ತ ಇಲ್ಲ" ಎಂದು ಸಿಸ್ಟರ್ ಗುಳಿಗೆಯ ಚೀಟಿ ಬರೆಸಿಕೊಟ್ಟಳು.

ನನ್ನ ರಕ್ತ ಕೊಟ್ಟು ಹೊರಗೆ ಬಂದೆ. ಬೆಂಚಿನ ಮೇಲೆ ಚಿಗವ್ವ ಕೂತಿದ್ದಳು. "ಚಿಗವ್ವಾ, ದಿನಾ ಅಷ್ಟೊಂದು ಬೀಟ್‌ರೂಟ್ ತಿಂತಿ, ಹ್ಯಾಂಗ ಇದು?" ಎಂದೆ.

"ನಾ ಎಲ್ಲಿ ತಿಂತೇನಿ? ನನಗ ಅದು ಸೇರಂಗಿಲ್ಲಪ್ಪಾ. ಹಸಿ ಮಣ್ಣ ತಿಂದಂಗ ಆಗ್ತದ. ಮೂಗ ಮುಚ್ಕೊಂಡ್ ಅಡಗಿ ಮಾಡ್ತೇನಿ."

ನನಗೆ ಗೊಳ್ಳನೆ ನಗು ಬಂತು. ಇಷ್ಟು ವರ್ಷ ಊರಿಗೆಲ್ಲ ತಿನಿಸಿದವಳು ಒಂದು ತುತ್ತೂ ತಿಂದಿರಲಿಲ್ಲವೇ! "ಗುಳಿಗಿ ಆದ್ರೂ ನುಂಗಬೇಕಿತ್ತಲ್ಲ?" ಎಂದೆ.

"ನನಗ್ಯಾಕಪ್ಪಾ ರಕ್ತ? ನಾ ಯಾರನ್ನ ಹಡಿಯೂದದ?" ಎಂದಳು. ದುಃಖದಿಂದ ಹೇಳಲಿಲ್ಲ. ಮಳೆ ಬರುವ ಹಾಗಿಲ್ಲ ಎನ್ನುವಷ್ಟು ಸಹಜವಾಗಿ ಹೇಳಿದಳು. ನನ್ನ ನಗು ಅಲ್ಲೇ ನಿಂತಿತು. ನನ್ನನ್ನು ಸಾಕಿದವಳು ಇವಳು. ಅವಳ ತಾಟಿನಲ್ಲಿ ಏನಿದೆ ಎಂದು ನಾನು ಒಮ್ಮೆಯೂ ನೋಡಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು. ಹೆಣ್ಣು ಕೂಸು! ಹೆಂಡತಿಗೆ ಒಂದು ಬಾಟಲಿ ರಕ್ತ ಹಚ್ಚಬೇಕಾಯಿತು, ಆದರೆ ಗಟ್ಟಿಯಾಗಿ ಉಳಿದಳು. "ಈಕಿ ಮದ್ಲಿನಂಗ ಇದ್ದಿದ್ರ ಭಾಳ ಕಷ್ಟ ಇತ್ರಿ" ಎಂದರು ಅಲ್ಲಿನ ಡಾಕ್ಟರು. ಚಿಗವ್ವ ಆ ಡಾಕ್ಟರಿಗೆ ಎರಡೂ ಕೈ ಮುಗಿದಳು.

ಒಂಬತ್ತನೆಯ ದಿನ ಜೇವರ್ಗಿಯ ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಚಿಗವ್ವ ಎಂದಿನಂತೆ ಬಾಣಂತಿಗೆಂದು ತಾಟು ತಂದಾಗ ಹೆಂಡತಿ ಆಕೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಕೂಸನ್ನು ಆಕೆಯ ಮಡಿಲಲ್ಲಿ ಇಟ್ಟಳು.

"ಇದು ಓಡಾಡಾಕ ಹತ್ತಿದ ಮ್ಯಾಲ ಬೆನ್ನತ್ತಿ ಓಡವ್ರು ಯಾರ್ರಿ ಅತ್ತೀ? ನನ್ನ ಒಬ್ಬಾಕಿ ಕೈಲೆ ಆಗಂಗಿಲ್ಲ" ಎನ್ನುತ್ತ ಕೆಂಪು ರೊಟ್ಟಿ ಮುರಿದು, ಪಲ್ಯ ಹಚ್ಚಿ, ಚಿಗವ್ವನ ಬಾಯಿಯ ಹತ್ತಿರ ಹಿಡಿದಳು.

ಚಿಗವ್ವ ನನ್ನನ್ನು ನೋಡಿದಳು. ಕೂಸನ್ನು ನೋಡಿದಳು. ಎರಡೂ ಕೈಯಲ್ಲಿ ಕೂಸಿದ್ದುದರಿಂದ ಮೂಗು ಮುಚ್ಚಿಕೊಳ್ಳಲು ಆಗಲಿಲ್ಲ. ಕಣ್ಣು ಮುಚ್ಚಿ ತುತ್ತು ತೆಗೆದುಕೊಂಡಳು. ಮುಖವೆಲ್ಲ ಕಿವುಚಿ, ಅಗಿದು, ಹೇಗೋ ನುಂಗಿದಳು.

"ಭಾಳ ಕೆಟ್ಟ ಅದ ಬೇ" ಎಂದಳು. ಮತ್ತೆ ಬಾಯಿ ತೆರೆದಳು.