ಕ್ವಾರ್ಟರ್‌ಬ್ಯಾಕ್ ಸಹಿ ಹಾಕುವವರೆಗೆ ಕಾಫಿ ಇಲ್ಲ

ನನ್ನ ಹಳೆಯ ದಿನಚರಿಯಲ್ಲಿ ಜುಲೈ ಇಪ್ಪತ್ತೆರಡರ ಪುಟದಲ್ಲಿ ನಾಲ್ಕೇ ಸಾಲುಗಳಿವೆ: "ಬೆಳಿಗ್ಗೆ 84 ಡಿಗ್ರಿ ಫ್ಯಾರನ್‌ಹೀಟ್. ಹುಣಸೆಹಣ್ಣು ಮುಗಿದಿದೆ. ಕ್ವಾರ್ಟರ್‌ಬ್ಯಾಕ್ ಕ್ಯಾಂಪಿಗೆ ಬಂದಿಲ್ಲ. ಇವರು ಕಾಫಿ ಬಿಟ್ಟರು."

ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಶಿಕಾಗೋ ಪಕ್ಕದ ನೇಪರ್‌ವಿಲ್‌ಗೆ ಬಂದಂದಿನಿಂದ ಒಂದು ದಿನವೂ ತಪ್ಪದೆ ದಿನಚರಿ ಬರೆದಿದ್ದೇನೆ. ಊಹೆ ಬರೆಯುವುದಿಲ್ಲ, ಉತ್ಪ್ರೇಕ್ಷೆ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅದರ ಅಗತ್ಯವೂ ಬೀಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದರೇ ಓದಿದವರು "ಇದೆಲ್ಲ ನಿಜವಾ ಆಂಟಿ?" ಎನ್ನುತ್ತಾರೆ.

ಹರಕೆ

ಅಮೆರಿಕದ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೆ ಕೆಲಸ ಹೆಚ್ಚು. ಚೆಂಡು ಯಾರಿಗೆ ಹೋಗಬೇಕೆಂದು ತೀರ್ಮಾನಿಸಿ ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನಿಲ್ಲದ ತಂಡ ಎಂದರೆ ಪುರೋಹಿತರು ಬಾರದ ಮದುವೆ. ಎಲ್ಲರೂ ಸಿಂಗರಿಸಿಕೊಂಡು ಕೂತಿರುತ್ತಾರೆ, ಏನೂ ನಡೆಯುವುದಿಲ್ಲ. ನಮ್ಮ ಶಿಕಾಗೋ ತಂಡಕ್ಕೆ ಎಷ್ಟೋ ವರ್ಷಗಳ ಮೇಲೆ ಒಬ್ಬ ಒಳ್ಳೆಯವನು ಸಿಕ್ಕಿದ್ದ. ಅವನು ಆ ಬೇಸಿಗೆ ಅಭ್ಯಾಸದ ಕ್ಯಾಂಪಿಗೆ "ಹೊಸ ಒಪ್ಪಂದ ಮಾಡಿದರೆ ಬರ್ತೀನಿ, ಇಲ್ಲದಿದ್ದರೆ ಇಲ್ಲ" ಎಂದು ತನ್ನ ಊರಿನಲ್ಲಿ ಮನೆಯೊಳಗೇ ಕೂತುಬಿಟ್ಟ.

ನಮ್ಮ ಯಜಮಾನರು ನಿವೃತ್ತ ಇಂಜಿನಿಯರ್. ಸುದ್ದಿ ಓದಿದವರೇ ಸ್ನಾನ ಮಾಡಿ, ದೇವರ ಮುಂದೆ ನಿಂತು, ನನಗೂ ಕೇಳಿಸುವ ಹಾಗೆ ಹೇಳಿದರು: "ಅವನು ಸಹಿ ಹಾಕೋವರೆಗೂ ನಾನು ಕಾಫಿ ಮುಟ್ಟಲ್ಲ."

"ದೇವರಿಗೆ ಈ ಆಟ ಗೊತ್ತೇನ್ರೀ?" ಎಂದೆ.

"ನಮ್ಮ ಜೊತೆ ಮೂವತ್ತೆಂಟು ವರ್ಷದಿಂದ ಇಲ್ಲೇ ಇದಾನೆ. ಇಷ್ಟು ಹೊತ್ತಿಗೆ ಗೊತ್ತಾಗಿರತ್ತೆ."

ಎರಡು ದಿನದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದರು. ನಾನೂ ಹಾಗೇ ಎಂದುಕೊಂಡಿದ್ದೆ. ಬೆಳಿಗ್ಗೆ ಐದೂವರೆಗೆ ಅಡುಗೆಮನೆಯ ಮೇಜಿನ ಎದುರು ಬದುರು ಕೂತು ಎರಡು ಲೋಟ ಕಾಫಿ ಕುಡಿಯುವುದು ಮದುವೆಯಾದಾಗಿನಿಂದ ನಮ್ಮ ಪದ್ಧತಿ. ದಿನದಲ್ಲಿ ನಾವಿಬ್ಬರೂ ಜಗಳವಿಲ್ಲದೆ ಮಾತಾಡುವ ಹೊತ್ತು ಅದೊಂದೇ. ಈಗ ಮೇಜಿನ ಮೇಲೆ ಒಂದೇ ಲೋಟ. ಇವರು ಎದುರಿಗೆ ಬಿಸಿನೀರು ಹಿಡಿದು ಕೂತು ನನ್ನ ಲೋಟವನ್ನೇ ನೋಡುತ್ತಿದ್ದರು. ನಾಲ್ಕನೆಯ ದಿನ ನಾನು ಗ್ಯಾರೇಜಿಗೆ ಹೋಗಿ ಕುಡಿದು ಬಂದೆ.

ಅಳಿಯನ ವಿಚಾರಣೆ

ನಮ್ಮ ಮಗಳನ್ನು ಡೆಟ್ರಾಯಿಟ್ ಪಕ್ಕದ ಆನ್ ಆರ್ಬರ್‌ಗೆ ಕೊಟ್ಟಿದ್ದೇವೆ. ಅಳಿಯ ಅಲ್ಲಿ ಆಸ್ಪತ್ರೆಯ ಡಾಕ್ಟರ್, ಹುಬ್ಬಳ್ಳಿ ಕಡೆಯವರು. ಡೆಟ್ರಾಯಿಟ್ ತಂಡದ ಭಕ್ತ ಎಂಬುದೊಂದು ಬಿಟ್ಟರೆ ದೋಷವಿಲ್ಲದ ಹುಡುಗ. ಅವರ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ. ಸರಿಯಾಗಿ ನಮ್ಮ ಐದೂವರೆಗೆ ವಿಡಿಯೋ ಕರೆ ಬರುತ್ತಿತ್ತು. ತೆರೆಯ ತುಂಬ ನೊರೆ ತುಂಬಿದ ಒಂದು ಲೋಟ, ಅದರ ಹಿಂದಿನಿಂದ ಧ್ವನಿ:

"ಮಾವಾರ, ಕಾಫಿ ಆತೇನ್ರಿ?"

"ನಿಮ್ಮ ರೋಗಿಗಳ ಹತ್ತಿರ ಹೋಗಿ ಡಾಕ್ಟ್ರೇ," ಎನ್ನುತ್ತಿದ್ದರು ಇವರು.

"ಅವರೆಲ್ಲ ಆರಾಮ ಅದಾರ್ರಿ. ನನಗ ನಿಮ್ದೇ ಚಿಂತಿ."

ಒಂದು ದಿನ ಏಳು ವರ್ಷದ ಮೊಮ್ಮಗಳು ಫೋನು ಕಸಿದುಕೊಂಡಳು. ತಾತ ಯಾಕೆ ಕಾಫಿ ಕುಡಿಯುತ್ತಿಲ್ಲ ಎಂದು ನಾನು ವಿವರಿಸಿದೆ. ಗಮನವಿಟ್ಟು ಕೇಳಿ, ಬಹಳ ಮೃದುವಾಗಿ, ಕಾಯಿಲೆಯವರಿಗೆ ಹೇಳುವ ಹಾಗೆ ಹೇಳಿದಳು: "ತಾತಾ, ಹೀ ಡಸಂಟ್ ನೋ ಯೂ."

ಇವರು ಫೋನು ನನ್ನ ಕೈಗೆ ಕೊಟ್ಟು, "ಅವಳಿಗೆ ಕನ್ನಡ ಕ್ಲಾಸು ಸಾಲದು," ಎಂದರು.

ವಾಸನೆಗೆ ದೋಷವಿಲ್ಲ

ಹತ್ತನೆಯ ದಿನ ಹುಣಸೆಹಣ್ಣಿಗೆ ಶಿಕಾಗೋದ ಭಾರತೀಯ ಅಂಗಡಿಗಳ ಬೀದಿ ಡೆವನ್ ಅವೆನ್ಯೂಗೆ ಹೋದೆವು. ಕಾರು ನಿಲ್ಲಿಸಲು ಜಾಗ ಸಿಗಲು ಇಪ್ಪತ್ತು ನಿಮಿಷ. ನಾನು ಬೇಳೆ ಆರಿಸುತ್ತಿದ್ದೆ. ತಿರುಗಿ ನೋಡಿದರೆ ಇವರಿಲ್ಲ. ಅಂಗಡಿಯ ಹಿಂಭಾಗದಲ್ಲಿ ಕಾಫಿ ಬೀಜ ಪುಡಿ ಮಾಡುವ ಯಂತ್ರವಿದೆ. ಅದರ ಪಕ್ಕದಲ್ಲಿ ಕಣ್ಣು ಮುಚ್ಚಿ, ಕೈ ಕಟ್ಟಿ, ಗರ್ಭಗುಡಿಯ ಮುಂದೆ ನಿಂತವರ ಹಾಗೆ ನಿಂತಿದ್ದರು.

ಅಂಗಡಿಯವರು ಕೇಳಿದರು: "ಅಂಕಲ್, ಎಷ್ಟು ಪುಡಿ ಮಾಡಲಿ?"

"ಎಷ್ಟಾದರೂ ಮಾಡಿ. ನನಗೆ ಬೇಡ," ಎಂದರು ಇವರು, ಕಣ್ಣು ತೆರೆಯದೆ.

"ಇದು ಹರಕೆ ಮುರಿದ ಹಾಗಲ್ಲವೇನ್ರೀ?" ಎಂದೆ.

"ಬಾಯಿಯಿಂದ ಬಿಟ್ಟಿದ್ದೀನಿ. ಮೂಗಿನ ವಿಷಯ ದೇವರ ಹತ್ತಿರ ಮಾತಾಡಿಲ್ಲ."

ಹೊರಗೆ ಬಂದಾಗ ಪಾರ್ಕಿಂಗ್ ಮೀಟರಿನ ಅವಧಿ ಮುಗಿದು ಗಾಜಿನ ಮೇಲೆ ದಂಡದ ಚೀಟಿ ಇತ್ತು. ಒಂದು ಲೋಟ ಕಾಫಿಯೂ ಕುಡಿಯದೆ, ನಮ್ಮ ಇಷ್ಟು ವರ್ಷದ ಸಂಸಾರದ ಅತ್ಯಂತ ದುಬಾರಿ ಕಾಫಿ.

ಬೀಗಿತ್ತಿಯವರ ರೋಗನಿರ್ಣಯ

ಅಳಿಯನ ತಾಯಿ ಮಗನ ಜೊತೆಯೇ ಇರುವವರು. ಬಿಕ್ಕಟ್ಟು ಎರಡು ವಾರ ದಾಟಿದಾಗ ಫೋನಿನಲ್ಲಿ ಅವರಿಗೆ ಗೋಳು ಹೇಳಿಕೊಂಡೆ.

"ಅಲ್ರೀ ಅಕ್ಕಾರ," ಎಂದರು, "ಆ ಹುಡುಗನ್ನ ಕರೀಲಿಕ್ಕೆ ಅವನ ಮನೀಗೆ ಯಾರು ಹೋಗಿದ್ರು?"

"ಯಾರೂ ಹೋಗಿಲ್ಲ ಬೀಗರೇ. ವಕೀಲರು ಮಾತಾಡ್ತಿದ್ದಾರಂತೆ."

"ವಕೀಲರು ಕರದ್ರ ಮಂದಿ ಕೋರ್ಟಿಗೆ ಹೋಗ್ತಾರ, ಕೆಲಸಕ್ಕ ಬರ್ತಾರೇನು? ಕುಂಕುಮ ಹಚ್ಚಿ, ಬಾರಪ್ಪಾ ಅನಬೇಕು."

ಅವರು ಅನುಭವದ ಮೇಲೆ ಹೇಳುತ್ತಿದ್ದರು. ಮಗಳ ಸೀಮಂತಕ್ಕೆ ನಾನು ಅವರಿಗೆ ಬಹಳ ಚೆಂದದ ಕಾರ್ಡನ್ನು ವಾಟ್ಸಾಪಿನಲ್ಲಿ ಕಳಿಸಿದ್ದೆ. ಹೆಬ್ಬೆರಳಿನ ಚಿತ್ರ ಬಂತು, 'ಬರ್ತೀನಿ' ಎಂಬ ಮಾತು ಬರಲಿಲ್ಲ. ಮಗಳು ಪಿಸುಮಾತಿನಲ್ಲಿ ಫೋನು ಮಾಡಿ, "ಅಮ್ಮ, ಅತ್ತೇನ ನೀನು ಸರಿಯಾಗಿ ಕರೆದಿಲ್ಲ," ಎಂದಳು. ನಮ್ಮಲ್ಲಿ ಹೆಂಗಸರನ್ನು ಶುಭಕಾರ್ಯಕ್ಕೆ ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯಬೇಕು. ಇನ್ನೂರ ಅರವತ್ತು ಮೈಲಿ ಡ್ರೈವ್ ಮಾಡಿಕೊಂಡು ಹೋಗಿ, ನಮ್ಮ ತಾಯಿ ಕೊಟ್ಟ ಬೆಳ್ಳಿಯ ಕುಂಕುಮದ ಭರಣಿ ತೆಗೆದು, ಕುಂಕುಮ ಇಟ್ಟು, "ಬರಲೇಬೇಕು" ಎಂದೆ. "ಅಯ್ಯ, ಇಷ್ಟು ದೂರ ಯಾಕ ಬರ್ಲಿಕ್ಕೆ ಹೋದ್ರಿ," ಎಂದರು. ಬಾಗಿಲ ಹಿಂದೆ ಅವರ ಸೂಟ್‌ಕೇಸು ತುಂಬಿ, ಬೀಗ ಹಾಕಿ, ಸಿದ್ಧವಾಗಿ ನಿಂತಿತ್ತು.

"ಆ ಹುಡುಗಂದೂ ಸೂಟ್‌ಕೇಸು ತುಂಬೇ ಇರ್ತದ, ಬರಕೋರಿ," ಎಂದರು ಈಗ. ನಾನು ಬರೆದುಕೊಂಡೆ.

ನಾವು ಕರೆದೆವು, ಅವನು ಬಂದ

ವರಮಹಾಲಕ್ಷ್ಮಿ ಹಬ್ಬಕ್ಕೆ ಬೀಗಿತ್ತಿ ನಮ್ಮಲ್ಲಿಗೆ ಬಂದರು. ಈ ಸಲ ನಾನೇ ಹೋಗಿ ಕರೆದು ಕರೆತಂದಿದ್ದೆ. ಹಬ್ಬದ ಮರುದಿನ ತಂಡದ ಕ್ಯಾಂಪು ಸಾರ್ವಜನಿಕರಿಗೆ ತೆರೆದಿತ್ತು. "ನಮಗೂ ತೋರಿಸಿ," ಎಂದೆವು. ಕಾಫಿ ಬಿಟ್ಟ ತಲೆನೋವಿನ ಮುಖ ಹೊತ್ತುಕೊಂಡೇ ಇವರು ಕರೆದುಕೊಂಡು ಹೋದರು. ನಾವಿಬ್ಬರೂ ರೇಷ್ಮೆ ಸೀರೆ ಉಟ್ಟು, ಚೀಲದಲ್ಲಿ ತಟ್ಟೆ, ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು, ಕುಂಕುಮದ ಭರಣಿ ಇಟ್ಟುಕೊಂಡಿದ್ದು ಇವರಿಗೆ ಗೊತ್ತಿರಲಿಲ್ಲ. ತಂಡದ ದೊಡ್ಡವರು ಯಾರಾದರೂ ಸಿಕ್ಕರೆ ತಟ್ಟೆ ಕೊಟ್ಟು, ಆ ಹುಡುಗನ ಮನೆಗೆ ಹೋಗಿ ಕರೆಯಲು ಹೇಳುವುದೆಂದು ನಮ್ಮ ಯೋಜನೆ.

ಇವರು ಕಾರು ನಿಲ್ಲಿಸಲು ಹೋದರು. ಅಷ್ಟರಲ್ಲಿ ಬೇಲಿಯ ಹತ್ತಿರ ಮಕ್ಕಳು ಕೂಗತೊಡಗಿದರು. ಆರಡಿಗೂ ಮೇಲಿನ ಒಬ್ಬ ಹುಡುಗ ಮಕ್ಕಳ ಟೋಪಿಗಳಿಗೆ ಸಹಿ ಹಾಕುತ್ತ ಬಂದ. "ಹೂ ಈಸ್ ಹೀ?" ಎಂದು ಕಾವಲುಗಾರನನ್ನು ಕೇಳಿದೆ. "ಕ್ವಾರ್ಟರ್‌ಬ್ಯಾಕ್, ಮ್ಯಾಮ್," ಎಂದ.

"ಬಂದಾನ!" ಎಂದರು ಬೀಗಿತ್ತಿ. "ನಾವು ಬರೋ ಸುದ್ದಿ ಮುಟ್ಟೇತಿ!"

ಟಿವಿಯಲ್ಲಿ ನಾವು ನೋಡಿದ್ದೆಲ್ಲ ಹೆಲ್ಮೆಟ್ ಹಾಕಿದ ಮುಖ. ಬೀಗಿತ್ತಿ ಕೈಬೀಸಿ ಕರೆದರು. ಹುಡುಗ ವಿನಯದಿಂದ ಬಾಗಿದ. ಹಣೆಗೆ ಕುಂಕುಮ ಇಟ್ಟು, ತಟ್ಟೆ ಕೈಗಿಟ್ಟು, "ಯೂ ಮಸ್ಟ್ ಕಮ್. ಆಲ್ ಆರ್ ವೇಟಿಂಗ್," ಎಂದರು. ಅವನ ಕಣ್ಣು ತೇವವಾಯಿತು. ಇಲ್ಲಿಯವರೆಗೆ ಯಾರೂ ತನ್ನನ್ನು ಹೀಗೆ ಕರೆದಿರಲಿಲ್ಲ, ಎಲ್ಲರೂ ಇನ್ನೊಬ್ಬನನ್ನೇ ಕಾಯುತ್ತಿದ್ದಾರೆ, ಖಂಡಿತ ಬರುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ ತಟ್ಟೆ ಹಿಡಿದು ಹೊರಟ.

ಓಡಿ ಬಂದ ಇವರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಅವನು ಬದಲಿ ಕ್ವಾರ್ಟರ್‌ಬ್ಯಾಕ್ ಕಣೇ! ಒಳಗೇ ಇರೋನನ್ನ ಒಳಗೆ ಬಾ ಅಂತ ಕರೆದ್ರಲ್ಲ!"

ಆಗಲೇ ನನಗೆ ಹೊಳೆಯಿತು: ತಟ್ಟೆಯಲ್ಲಿ ನಮ್ಮ ತಾಯಿಯ ಭರಣಿಯೂ ಹೋಗಿತ್ತು. "ಕುಂಕುಮದ ಸಂಗಾಟ ಕೊಟ್ಟಿದ್ದು ವಾಪಸ್ ಕೇಳಬಾರ್ದ್ರೀ ಅಕ್ಕಾರ," ಎಂದರು ಬೀಗಿತ್ತಿ. ಭರಣಿ ಅವರದಲ್ಲವಲ್ಲ.

ಒಂದು ವಾರ ಕಳೆದ ಮೇಲೆ ನಿಜವಾದವನು ಸಹಿ ಹಾಕಿದ. ಕುಂಕುಮಕ್ಕಲ್ಲ, ಕೋಟಿಗಳಿಗೆ. ಮರುದಿನ ಐದೂವರೆಗೆ ಎರಡು ಲೋಟ ಇಟ್ಟೆ. ಇವರು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, "ಡಿಕಾಕ್ಷನ್ ತೆಳು," ಎಂದರು. ಮನೆ ಮನೆಯಾಯಿತು.

ಮೊದಲ ಪಂದ್ಯ ಶಿಕಾಗೋಗೂ ಡೆಟ್ರಾಯಿಟಿಗೂ. ಆನ್ ಆರ್ಬರ್‌ನಲ್ಲಿ ಅಳಿಯನ ಸೋಫಾದ ಮೇಲೆ ಎಲ್ಲರೂ ಕೂತಿದ್ದೆವು. ಕೊನೆಯ ಕೆಲವು ನಿಮಿಷದವರೆಗೂ ನಮ್ಮವರೇ ಮುಂದಿದ್ದರು. ಅಷ್ಟರಲ್ಲಿ ಡೆಟ್ರಾಯಿಟಿನ ಕ್ವಾರ್ಟರ್‌ಬ್ಯಾಕ್ ಕಾಲು ಉಳುಕಿ ಕುಂಟುತ್ತ ಹೊರಗೆ ಹೋದ, ಅವನ ಬದಲಿಗೆ ಒಬ್ಬ ಎತ್ತರದ ಹುಡುಗ ಹೆಲ್ಮೆಟ್ ಕೈಯಲ್ಲಿ ಹಿಡಿದು ಓಡಿ ಬಂದ. ನಾನು ಆ ಹಣೆಯನ್ನು ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ. ದೊಡ್ಡವನು ಸಹಿ ಹಾಕಿದ ಮೇಲೆ ಶಿಕಾಗೋದವರು ಇವನನ್ನು ಬೇಡವೆಂದು ಬಿಟ್ಟಿದ್ದರು, ಡೆಟ್ರಾಯಿಟಿನವರು ಕರೆದುಕೊಂಡಿದ್ದರು. ಎರಡೇ ಎಸೆತ. ನಾವು ಸೋತೆವು.

ಬೀಗಿತ್ತಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸದೆ ಹೇಳಿದರು: "ಕರದ ಮ್ಯಾಲೆ ಬರ್ಲಿಕ್ಕೇ ಬೇಕಲ್ರೀ. ಕರದಾಕಿ ನಾನು, ನಮ್ಮ ಕಡೀಗೆ ಬಂದ."

ಇವರು ಎದ್ದು ದೇವರ ಮನೆಯ ಕಡೆ ನಡೆದರು. ನಾನು ಅಡ್ಡ ಬಂದು ಕೈಗೆ ಕಾಫಿ ಲೋಟ ಕೊಟ್ಟು, "ಬಾಯಿ ತೆರೀಬೇಡಿ, ಕುಡೀರಿ," ಎಂದೆ.

ಆಟಗಾರನಿಗೆ ಎಷ್ಟು ಸಿಕ್ಕಿತೆಂದು ಪತ್ರಿಕೆಗಳಲ್ಲಿ ಬಂದಿದೆ. ನಮಗೆ ತಗುಲಿದ್ದು ದಿನಚರಿಯಲ್ಲಿ ಹೀಗಿದೆ: ಮಾತಿಲ್ಲದ ಬೆಳಗುಗಳು, ಇಪ್ಪತ್ತೇಳು. ತಲೆನೋವಿನ ಮಾತ್ರೆ, ಒಂದು ಸೀಸೆ. ಡೆವನ್‌ನಲ್ಲಿ ದಂಡದ ಚೀಟಿ, ಒಂದು. ತೆಂಗಿನಕಾಯಿ, ಒಂದು. ಬೆಳ್ಳಿಯ ಕುಂಕುಮದ ಭರಣಿ, ಒಂದು; ಈಗ ಡೆಟ್ರಾಯಿಟಿನಲ್ಲಿದೆ.