ಬಿಸಿ ಕಾಫಿಗೊಂದು ವೇಳಾಪಟ್ಟಿ

ಬಸ್ಸು ತಡವಾದಾಗ ಸ್ಟಾಪಿನಲ್ಲಿ ನಿಂತು ನೀವು ಬೈಯುತ್ತೀರಲ್ಲ, ಆ ಬೈಗುಳ ಡ್ರೈವರಿಗೂ ಸೇರುವುದಿಲ್ಲ, ಕಂಡಕ್ಟರಿಗೂ ಸೇರುವುದಿಲ್ಲ. ನೇರವಾಗಿ ನನ್ನ ಮೇಜಿಗೆ ಬರುತ್ತದೆ. ನಮ್ಮೂರಿನ ಬಸ್ಸುಗಳಿಗೆ ವೇಳಾಪಟ್ಟಿ ಬರೆಯುವವನು ನಾನು. ಯಾವ ಬಸ್ಸು ಎಷ್ಟು ಗಂಟೆಗೆ ಹೊರಡಬೇಕು, ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕು ಎಂದು ನಾನು ಬರೆದರೆ ಇನ್ನೂರು ಬಸ್ಸುಗಳು ತಲೆಬಾಗುತ್ತವೆ. (ತಲೆಬಾಗುತ್ತವೆ, ಅಷ್ಟೆ. ಸಮಯಕ್ಕೆ ಬರುತ್ತವೆ ಎಂದು ನಾನೇನೂ ಹೇಳಲಿಲ್ಲ.) ಇಂಥ ನನಗೆ ಮನೆಯ ನಾಲ್ಕು ಜನರನ್ನು ಒಂದು ದೊಡ್ಡ ಊರಿಗೆ ಕರೆದುಕೊಂಡು ಹೋಗಿ, ಐದು ದಿನ ಆರಾಮವಾಗಿ ಸುತ್ತಾಡಿಸಿಕೊಂಡು ಬರುವುದು ಯಾವ ಲೆಕ್ಕ ಎಂದುಕೊಂಡೆ. ಅಲ್ಲೇ ಎಡವಿದ್ದು.

ನಾಲ್ಕು ಜನ ಅಂದರೆ ನಾನು, ನನ್ನ ಹೆಂಡತಿ, ಒಂದನೇ ಕ್ಲಾಸಿನ ಮಗಳು, ಮೂರು ವರ್ಷದ ಮಗ. ಮಗಳಿಗೆ ಮನೆಯಲ್ಲಿ ಪ್ರಶ್ನೆಪತ್ರಿಕೆ ಎಂದು ಹೆಸರು. ಕಣ್ಣು ಬಿಟ್ಟಾಗಿನಿಂದ ಕೇಳುತ್ತಲೇ ಇರುತ್ತಾಳೆ, ಎಲ್ಲ ಪ್ರಶ್ನೆಗಳಿಗೂ ಉತ್ತರ ಕಡ್ಡಾಯ. ಮಗನ ಹೆಸರು ಸೈರನ್. ಯಾಕೆ ಎಂದು ಪಕ್ಕದ ಮನೆಯವರನ್ನು ಕೇಳಿದರೆ ಹೇಳುತ್ತಾರೆ, ಹಿಂದಿನ ಬೀದಿಯವರೂ ಹೇಳುತ್ತಾರೆ. ಹೆಂಡತಿ ಶಿಶುವಿಹಾರದ ಟೀಚರು. ಹಗಲೆಲ್ಲ ಮೂವತ್ತೆರಡು ಮಕ್ಕಳು, ಸಂಜೆ ಮನೆಗೆ ಬಂದರೆ ಮತ್ತೆರಡು. ಹತ್ತು ನಿಮಿಷಕ್ಕೊಮ್ಮೆ ತಲೆ ಎಣಿಸುವುದು ಅವಳಿಗೆ ಉಸಿರಾಡಿದಷ್ಟೇ ಸಹಜ. ಸಿನಿಮಾಕ್ಕೆ ಹೋದರೂ ಮುಂದಿನ ಸಾಲಿನ ತಲೆಗಳನ್ನು ಒಮ್ಮೆ ಎಣಿಸಿ, ಆಮೇಲೆ ಪರದೆ ನೋಡುತ್ತಾಳೆ.

ಹೋದ ವರ್ಷದ ಪ್ರವಾಸದಲ್ಲಿ ನಾನು ಮೂರು ದಿನದಲ್ಲಿ ಹನ್ನೊಂದು ಜಾಗ ತೋರಿಸಿದ್ದೆ. ಡಿಪೋದಲ್ಲಿ ಎಲ್ಲರೂ ಹೊಗಳಿದ್ದರು. ಹೆಂಡತಿಯನ್ನು ಕೇಳಿದರೆ ತಾನು ನೋಡಿದ್ದು ಹನ್ನೊಂದು ಜಾಗದ ಶೌಚಾಲಯಗಳನ್ನು ಮಾತ್ರ, ಅವುಗಳಲ್ಲಿ ನಾಲ್ಕು ಚೆನ್ನಾಗಿದ್ದವು ಎಂದಳು. ಅದಕ್ಕೇ ಈ ವರ್ಷ ರಜೆಯ ಮಾತು ಎತ್ತಿದ ಕೂಡಲೇ, ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ರೀ, ನನಗೆ ಯಾವ ಗೋಪುರಾನೂ ಬೇಡ, ಯಾವ ಮ್ಯೂಸಿಯಮ್ಮೂ ಬೇಡ. ಒಂದು ಕಪ್ ಕಾಫಿ ಬೇಕು. ಬಿಸಿಯಾಗಿರ್ಬೇಕು. ಕೂತ್ಕೊಂಡು ಕುಡೀಬೇಕು. ಕೊನೇ ಗುಟುಕಿನ ತನಕ ಯಾರೂ ನನ್ನ ಕರೀಬಾರ್ದು."

"ಅಷ್ಟೇನಾ?"

"ಆರು ವರ್ಷದಿಂದ ಅಷ್ಟೇ ಆಗಿಲ್ಲ."

ನಿಜವೇ. ಮಗಳು ಹುಟ್ಟಿದ ಮೇಲೆ ಅವಳು ಬಿಸಿ ಕಾಫಿ ಕುಡಿದದ್ದನ್ನು ನಾನು ನೋಡಿಲ್ಲ. ಕಿಟಕಿಯ ಹತ್ತಿರ, ಫ್ರಿಜ್ಜಿನ ಮೇಲೆ, ಬಚ್ಚಲ ಕಟ್ಟೆಯ ಮೇಲೆ ಅರ್ಧ ಕುಡಿದು ಕೆನೆಗಟ್ಟಿದ ಕಪ್ಪುಗಳು ಸಿಗುತ್ತಿರುತ್ತವೆ. ಈ ಸಲವೂ ಆಗಲಿಲ್ಲ ಅಂದರೆ ಮುಂದಿನ ವರ್ಷ ತಾನೊಬ್ಬಳೇ ಪ್ರವಾಸ ಹೋಗುವುದಾಗಿಯೂ, ಮಕ್ಕಳನ್ನಿಟ್ಟುಕೊಂಡು ನಾನು ಮನೆಯಲ್ಲಿರಬೇಕೆಂದೂ ಅವಳು ತಣ್ಣಗೆ ಹೇಳಿದಳು. ಅವಳು ಕಿರುಚಿದರೆ ನನಗೆ ಹೆದರಿಕೆಯಿಲ್ಲ. ತಣ್ಣಗೆ ಹೇಳಿದರೆ ಎದೆ ಧಸಕ್ಕೆನ್ನುತ್ತದೆ.

ಸರಿ, ಆರಾಮ ತಾನೇ ಬೇಕು, ಆರಾಮಕ್ಕೇ ಒಂದು ವೇಳಾಪಟ್ಟಿ ಬರೆದೆ. ದಿನಕ್ಕೆ ಎರಡೇ ಜಾಗ. ಹತ್ತು ಗಂಟೆಯಿಂದ ಹತ್ತೂ ಇಪ್ಪತ್ತರವರೆಗೆ ಪಾರ್ಕಿನಲ್ಲಿ ನಿರಾಳವಾಗಿ ಅಡ್ಡಾಡುವುದು. ಹತ್ತೂ ಇಪ್ಪತ್ತರಿಂದ ಹತ್ತೂ ಮೂವತ್ತರವರೆಗೆ ಕಾರಣವಿಲ್ಲದೆ ನಗುವುದು. ಪ್ರತಿದಿನ ಹನ್ನೊಂದಕ್ಕೆ ಸರಿಯಾಗಿ ಮೂವತ್ತು ನಿಮಿಷ, ಹಸಿರು ಶಾಯಿಯಲ್ಲಿ, ಕಾಫಿ. ಹೆಂಡತಿ ಅದನ್ನು ಓದಿ ಹಣೆ ಹಣೆ ಚಚ್ಚಿಕೊಂಡಳು. ಆದರೆ ಹಸಿರು ಶಾಯಿಯ ಮೇಲೆ ಒಂದು ಸಲ ಬೆರಳಾಡಿಸಿದ್ದನ್ನು ನಾನು ನೋಡಿದೆ, ಮನಸ್ಸಿಗೆ ಖುಷಿಯಾಯಿತು.

ಇಲ್ಲಿ ನನ್ನ ವೃತ್ತಿರಹಸ್ಯ ಒಂದನ್ನು ಹೇಳಬೇಕು. ಬಸ್ಸು ಕೊನೆಯ ಸ್ಟಾಪು ಮುಟ್ಟಿದ ಮೇಲೆ, ವಾಪಸು ಹೊರಡುವ ಮೊದಲು, ನಾವು ಹತ್ತು ಹದಿನೈದು ನಿಮಿಷ ಬಿಡುವು ಬರೆದಿರುತ್ತೇವೆ. ಡ್ರೈವರು ಕಾಲು ಚಾಚಲಿ ಎಂದು ಕರುಣೆಯಿಂದ ಬರೆದದ್ದು ಎಂದು ನೀವು ತಿಳಿದಿರಬಹುದು. ಅಲ್ಲ. ದಾರಿಯಲ್ಲಿ ಆದ ತಡವನ್ನೆಲ್ಲ ಆ ಬಿಡುವು ನುಂಗಿಕೊಳ್ಳಲಿ ಎಂದು. ಬಸ್ಸು ಹದಿನೈದು ನಿಮಿಷ ತಡವಾಗಿ ಬಂದರೆ ಬಿಡುವು ರದ್ದು, ಬಸ್ಸು ಮಾತ್ರ ಸಮಯಕ್ಕೆ ಹೊರಡುತ್ತದೆ. ಹದಿನಾಲ್ಕು ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿ ಓಡಿಬಿಟ್ಟಿತ್ತು. ಹೆಂಡತಿಯ ಕಾಫಿಯನ್ನು ನಾನು ಬರೆದದ್ದು ಆ ಬಿಡುವಿನಲ್ಲಿ.

ಮೊದಲ ದಿನ ಪಾರ್ಕಿನಲ್ಲಿ ಹೂವು, ಕೊಳ, ಬಾತುಕೋಳಿ ಎಲ್ಲವೂ ಇದ್ದವು. ಸೈರನ್ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಅವನಿಗೆ ಇಷ್ಟವಾದದ್ದು ಗೇಟಿನ ಪಕ್ಕದ ಮೋರಿಯ ಜಾಲರಿ. ಅದರೊಳಗೆ ಒಂದೊಂದೇ ಕಲ್ಲು ಹಾಕಿ ಶಬ್ದ ಕೇಳುತ್ತಾ ಮೂವತ್ತೈದು ನಿಮಿಷ ಕುಕ್ಕರಗಾಲಲ್ಲಿ ಕೂತ. ಎತ್ತಿದರೆ ಹೆಸರಿಗೆ ತಕ್ಕಂತೆ ಕೂಗಿದ. ಕೂಗು ಕೇಳಿ ಪಾರ್ಕಿನ ಕಾವಲುಗಾರ ಬಂದ, ಎಲ್ಲೋ ಬೆಂಕಿ ಬಿದ್ದಿರಬೇಕೆಂದು ಇನ್ನಿಬ್ಬರು ಬಂದರು. ಅಷ್ಟರಲ್ಲಿ ಹನ್ನೊಂದೂವರೆ. ನಾನು ಗಡಿಯಾರ ನೋಡಿ, ಕಾಫಿಯನ್ನು ನಾಳೆಗೆ ಹಾಕೋಣ, ಈಗ ನಡೆದರೆ ಮುಂದಿನ ಜಾಗಕ್ಕೆ ಸಮಯ ಸರಿಹೋಗುತ್ತದೆ ಎಂದೆ. ಹೆಂಡತಿ ಸೈರನ್ನನ್ನು ಸೊಂಟಕ್ಕೇರಿಸಿಕೊಂಡು ಮುಂದೆ ನಡೆದಳು.

ಎರಡನೆಯ ದಿನ ಪ್ರಶ್ನೆಪತ್ರಿಕೆಯ ಸರದಿ. ಮ್ಯೂಸಿಯಮ್ಮಿನ ಮೊದಲ ಕೋಣೆಯಲ್ಲಿ ಒಬ್ಬ ಹಳೆಯ ರಾಜನ ಬೊಂಬೆಯಿತ್ತು. ಇವರು ಯಾರು, ಯಾಕೆ ನಿಂತಿದ್ದಾರೆ, ಕಾಲು ನೋಯಲ್ವಾ, ಇವರ ಅಮ್ಮ ಎಲ್ಲಿ, ರಾಜರಿಗೆ ಸುಸ್ಸು ಬಂದರೆ ಕಿರೀಟ ಯಾರು ಹಿಡ್ಕೋತಾರೆ. ಕೊನೆಯ ಪ್ರಶ್ನೆಗೆ ಉತ್ತರ ಸಿಗುವವರೆಗೂ ಎರಡನೆಯ ಕೋಣೆಗೆ ಬರುವುದಿಲ್ಲ ಎಂದು ಪಟ್ಟು ಹಿಡಿದಳು. ಹನ್ನೊಂದೂ ಹತ್ತಕ್ಕೆ ಹೇಗೋ ಹೊರಬಿದ್ದು, ಕಾಫಿ ಅಂಗಡಿಯಲ್ಲಿ ಕೂತು, ಕಪ್ಪು ಮೇಜಿಗೂ ಬಂತು. ಹೊಗೆಯಾಡುತ್ತಿತ್ತು. ಹೆಂಡತಿ ಎರಡೂ ಕೈಯಲ್ಲಿ ಕಪ್ಪು ಹಿಡಿದು ಕಣ್ಣು ಮುಚ್ಚಿದಳು. ಆಗ ನಾನು, ನನ್ನ ಬಾಯಿಗೆ ಬೀಗ ಬೀಳಲಿ, ಇನ್ನು ಆರೇ ನಿಮಿಷ ಇದೆ, ಸ್ವಲ್ಪ ಬೇಗ ಬೇಗ ಕುಡಿ ಎಂದುಬಿಟ್ಟೆ. ಅವಳು ಕಣ್ಣು ತೆರೆದಳು, ಕಪ್ಪನ್ನು ಸದ್ದಾಗದಂತೆ ಕೆಳಗಿಟ್ಟಳು, ಎದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ಆ ದಿನವಿಡೀ ಅವಳು ನನ್ನ ಜೊತೆ ಮಕ್ಕಳ ಮೂಲಕವೇ ಮಾತಾಡಿದಳು.

ಮೂರನೆಯ ದಿನ ಏನಾದರೂ ಆಗಲಿ, ಕಾಫಿಯನ್ನು ಹನ್ನೊಂದೂವರೆಗೆ ಸರಿಸಿಯಾದರೂ ಮುಟ್ಟಿಸಿಯೇ ತೀರುತ್ತೇನೆ ಎಂದು ಶಪಥ ಮಾಡಿದೆ. ಸಮುದ್ರದ ದಂಡೆಯಲ್ಲಿ ಒಂದು ಅಂಗಡಿ ಇದೆಯೆಂದು ಓದಿದ್ದೆ. ಅಲ್ಲಿಗೆ ಸೀದಾ ಹೋಗುವ ಬಸ್ಸು ಹತ್ತೂ ನಲವತ್ತಕ್ಕೆ ಎಂದು ಸ್ಟಾಪಿನ ಬೋರ್ಡಿನಲ್ಲಿತ್ತು. ಹತ್ತೂ ನಲವತ್ತಕ್ಕೇ ಬಂತು. ಕಾಗದದಲ್ಲಿ ಬರೆದ ಸಮಯಕ್ಕೆ ಬಸ್ಸು ಬರುವುದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ, ಬೋರ್ಡಿಗೊಂದು ಸಲಾಮು ಹೊಡೆದೆ. ಆ ಭಾವಾವೇಶದಲ್ಲೇ, ನಮ್ಮೂರಿನ ಬಸ್ಸಿಗೆ ನುಗ್ಗುವ ಹಾಗೆ ಎಲ್ಲರಿಗಿಂತ ಮೊದಲು ನುಗ್ಗಿ, ಒಂದು ಸೀಟಿಗೆ ಕರವಸ್ತ್ರ, ಒಂದಕ್ಕೆ ಟೋಪಿ, ಒಂದಕ್ಕೆ ನೀರಿನ ಬಾಟಲಿ ಹಾಕಿ, ನಾಲ್ಕನೆಯದರಲ್ಲಿ ನಾನು ಕೂತು ನಾಲ್ಕೂ ಸೀಟು ಹಿಡಿದೆ. ಬಸ್ಸಿನಲ್ಲಿ ಇದ್ದವರು ಒಟ್ಟು ಐದು ಜನ. ಕೂತು ಕಿಟಕಿಯಿಂದ ನೋಡುತ್ತೇನೆ, ಹೆಂಡತಿ ಕೆಳಗೆ ಬಗ್ಗಿ ಸೈರನ್ನಿನ ಬೂಟು ಹಾಕುತ್ತಿದ್ದಾಳೆ. ಬಾಗಿಲು ಮುಚ್ಚಿತು. ಬಸ್ಸು ಹೊರಟಿತು.

ಬಸ್ಸು ಯಾರಿಗಾಗಿಯೂ ಅರ್ಧ ನಿಮಿಷ ಕಾಯಬಾರದು ಎಂದು ಡಿಪೋದಲ್ಲಿ ಪ್ರತಿ ಸೋಮವಾರ ಭಾಷಣ ಮಾಡುವವನು ನಾನೇ. ಮಾಡಿದ್ದುಣ್ಣೋ ಮಹರಾಯ. ಡ್ರೈವರ ಹತ್ತಿರ ಓಡಿ ಕೈ ಮುಗಿದೆ, ಹೆಂಡತಿ ಎಂದು ಎತ್ತರ ತೋರಿಸಿದೆ, ಮಕ್ಕಳು ಎಂದು ಗಿಡ್ಡ ತೋರಿಸಿದೆ. ನನ್ನ ಭಾಷೆ ಅವನಿಗೆ ಬಾರದು, ಅವನದು ನನಗೆ ಬಾರದು. ಅವನು ನಗುತ್ತಾ ಗೋಡೆಗೆ ಅಂಟಿಸಿದ ವೇಳಾಪಟ್ಟಿ ತೋರಿಸಿದ. ನಡುವೆ ಒಂದೂ ನಿಲುಗಡೆಯಿಲ್ಲ, ಹೋಗಲು ನಲವತ್ತು ನಿಮಿಷ, ಬರಲು ನಲವತ್ತು. ನನ್ನ ಫೋನು ಹೆಂಡತಿಯ ಚೀಲದಲ್ಲಿತ್ತು.

ಹೆದರಿದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಗೊತ್ತಿಲ್ಲದ ಊರು, ಎರಡು ಮಕ್ಕಳು, ಒಬ್ಬಳೇ. ಸೈರನ್ ಕೂಗುತ್ತಿರಬೇಕು, ಮಗಳು ಅಪ್ಪ ಎಲ್ಲಿ ಎಂದು ಕೇಳುತ್ತಿರಬೇಕು, ಅವಳ ಕಣ್ಣಲ್ಲಿ ನೀರು ಬಂದಿರಬೇಕು. ಒಂದು ಕಪ್ಪು ಕಾಫಿ ಕೇಳಿದಳಲ್ಲ, ಅದನ್ನೂ ಕೊಡಲಾರದ ನನ್ನದೂ ಒಂದು ಗಂಡಸುತನವೇ ಎಂದು ನನ್ನನ್ನು ನಾನೇ ಚೆನ್ನಾಗಿ ಬೈದುಕೊಂಡೆ. ಅಂಥ ದುಃಖದಲ್ಲೂ ಆ ಮೂರು ಸೀಟುಗಳಲ್ಲಿ ಯಾರನ್ನೂ ಕೂರಿಸಲಿಲ್ಲ. (ವಾಪಸು ಬರುವಾಗ ತಂಪು ಗಾಳಿಗೆ ಕಾಲು ಗಂಟೆ ನಿದ್ದೆ ಹೋದದ್ದನ್ನು ಹೆಂಡತಿಗೆ ಹೇಳಿಲ್ಲ, ನೀವೂ ಹೇಳಬೇಡಿ.)

ಕೊನೆಯ ಸ್ಟಾಪಿನಲ್ಲಿ ಬಸ್ಸಿಗೆ ಬಿಡುವು ಬೇರೆ ಇತ್ತು. ಎಲ್ಲ ಸೇರಿ ನಾನು ವಾಪಸು ಬಂದು ಇಳಿದಾಗ ಹನ್ನೆರಡೂ ಕಾಲು. ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಆ ಕಡೆ ಈ ಕಡೆ ಓಡಿದೆ. ಆಮೇಲೆ ರಸ್ತೆಯಾಚೆಯ ಅಂಗಡಿಯ ಗಾಜಿನೊಳಗೆ ಒಂದು ಪರಿಚಿತ ಬೆನ್ನು ಕಂಡಿತು.

ಹೆಂಡತಿ ಚಪ್ಪಲಿ ಬಿಚ್ಚಿ, ಎದುರಿನ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಮುಂದೆ ಎರಡು ಖಾಲಿ ಕಪ್ಪು, ಕೈಯಲ್ಲಿ ಮೂರನೆಯದು, ಹೊಗೆಯಾಡುತ್ತಿತ್ತು. ಸೈರನ್ ಗಾಜಿಗೆ ಮೂಗು ಒತ್ತಿ ಹೋಗುವ ಬರುವ ಬಸ್ಸುಗಳನ್ನು ನೋಡುತ್ತಿದ್ದ, ಅವನ ಬಾಯಿಂದ ಒಂದು ಶಬ್ದವಿಲ್ಲ. ಪ್ರಶ್ನೆಪತ್ರಿಕೆ ನನ್ನ ವೇಳಾಪಟ್ಟಿಯ ಹಿಂಬದಿಯಲ್ಲಿ ನಾಲಿಗೆ ಕಚ್ಚಿಕೊಂಡು ಏನೋ ಬರೆಯುತ್ತಿದ್ದಳು. ನಾನು ಏದುಸಿರು ಬಿಡುತ್ತಾ, ನಾನು ಕಳೆದುಹೋದದ್ದು ನಿನಗೆ ಗೊತ್ತೇ ಆಗಲಿಲ್ಲವೇನೇ ಎಂದು ಕೇಳಿದೆ.

"ಗೊತ್ತಾಯ್ತಲ್ಲ. ಬೂಟು ಹಾಕಿ ಎದ್ದು ತಲೆ ಎಣಿಸಿದೆ. ಮೂರಿರ್ಬೇಕಿತ್ತು, ಎರಡೇ ಇತ್ತು. ಯಾವುದು ಕಳೀತು ಅಂತ ನೋಡಿದೆ. ಆಮೇಲೆ ಕಾಫಿ ಹೇಳಿದೆ."

ಹೇಳಿ ಇನ್ನೊಂದು ಗುಟುಕು ಕುಡಿದಳು. ಮೂರು ದಿನದ ಮೇಲೆ ನನ್ನನ್ನು ನೋಡಿ ನಕ್ಕಳು, ಅದೂ ವೇಳಾಪಟ್ಟಿಯಲ್ಲಿ ಬರೆಯದ ಸಮಯದಲ್ಲಿ. ನಾನು ಇಷ್ಟು ವರ್ಷ ಅವಳ ಲೆಕ್ಕದಲ್ಲಿ ಮಕ್ಕಳ ಜೊತೆಗೇ ಸೇರಿದ್ದೆ ಎಂಬುದು ಆಗ ತಿಳಿಯಿತು.

ಮಗಳು ಬರೆದು ಮುಗಿಸಿ ಕಾಗದವನ್ನು ನನ್ನ ಕೈಗಿಟ್ಟಳು. ಅಕ್ಷರ ಸೊಟ್ಟಗಿದ್ದರೂ ವಿಷಯ ನೆಟ್ಟಗಿತ್ತು: ನಾಳೆ. ೧೦.೪೦, ಅಪ್ಪ ಬಸ್ ಹತ್ತುವುದು. ೧೨.೧೫, ಅಪ್ಪ ಇಳಿಯುವುದು. ನಾಡಿದ್ದು. ಇದೇ. ಹದಿನಾಲ್ಕು ವರ್ಷದಲ್ಲಿ ನಾನು ಬರೆದ ಯಾವ ವೇಳಾಪಟ್ಟಿಗೂ ಇಷ್ಟು ಒಮ್ಮತದ ಒಪ್ಪಿಗೆ ಸಿಕ್ಕಿರಲಿಲ್ಲ. ಅವಳ ತಾಯಿ ಅದನ್ನು ಓದಿ, ಪೆನ್ನು ಇಸಿದುಕೊಂಡು, ಕೆಳಗೆ ಸಹಿ ಹಾಕಿದಳು.

ಮರುದಿನ ಬಸ್ಸು ಹತ್ತೂ ನಲವತ್ತಕ್ಕೆ ಸರಿಯಾಗಿ ಬಂತು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ರಸ್ತೆಯಾಚೆಯ ಕಾಫಿ ಅಂಗಡಿಯ ಗಾಜಿನೊಳಗಿಂದ ಮೂವರೂ ಕೈ ಬೀಸುತ್ತಿದ್ದರು. ಡ್ರೈವರಿಗೆ ನನ್ನ ಗುರುತು ಸಿಕ್ಕಿತು. ಪಾಪ, ಒಳ್ಳೆಯವನು, ನನ್ನ ಹೆಂಡತಿ ಮಕ್ಕಳಿಗಾಗಿ ಅವನು ಅಂದು ಬಾಗಿಲು ಮುಚ್ಚದೆ ಒಂದು ನಿಮಿಷ ಕಾದ. ಅವಳು ಅಂಗಡಿಯೊಳಗಿಂದಲೇ ಎದ್ದು ನಿಂತು, ಎರಡೂ ಕೈಯಲ್ಲಿ ಅವನಿಗೆ ಹೋಗು, ಹೋಗು ಎಂದು ಸನ್ನೆ ಮಾಡಿದಳು.